ಮೆಸೇಜ್ ಕ್ಯೂ ಪೂರ್ತಿ ಲೋಡ್ ಆಗುವ ಮೊದಲೇ ಯಾಕೆ ನಿಧಾನವಾಗುತ್ತದೆ?

ಸೆಕೆಂಡಿಗೆ 1000 ಮೆಸೇಜ್ ತಾಳುವ ಬ್ರೋಕರ್ (ಪ್ರೋಗ್ರಾಂಗಳ ನಡುವೆ ಮೆಸೇಜ್‌ಗಳನ್ನು ಸಾಲಲ್ಲಿಟ್ಟು ದಾಟಿಸುವ ಸಾಫ್ಟ್‌ವೇರ್) 900ಕ್ಕೇ ಯಾಕೆ ಏದುಸಿರು ಬಿಡುತ್ತದೆ ಅಂತ ಕೇಳಿದ್ದೀರಿ. ಮೆಸೇಜ್‌ಗಳು ಸಮ ಅಂತರದಲ್ಲಿ ಬರುವುದಿಲ್ಲ, ಅಲ್ವಾ? ಒಮ್ಮೆ ಗುಂಪಾಗಿ ನುಗ್ಗುತ್ತವೆ, ಇನ್ನೊಮ್ಮೆ ಬ್ರೋಕರ್ ಸುಮ್ನೆ ಕೂತಿರುತ್ತದೆ. ಹಾಗೆ ಖಾಲಿ ಹೋದ ಹೊತ್ತು ವಾಪಸ್ ಸಿಗುವುದಿಲ್ಲ.

ಇದಕ್ಕೆ ತೀರಾ ಸರಳ ಮಾದರಿ ಎಂ/ಎಂ/1: ಮೆಸೇಜ್ ಬರುವ ಅಂತರ, ಮುಗಿಯುವ ಸಮಯ ಎರಡೂ ಯಾದೃಚ್ಛಿಕ, ಸರ್ವರ್ ಒಂದೇ. ಮೆಸೇಜ್ ಒಳಗೆ ಕಳೆಯುವ ಸರಾಸರಿ ಸಮಯ = 1 ÷ (ಸಾಮರ್ಥ್ಯ − ಬರುವ ವೇಗ). ಸೆಕೆಂಡಿಗೆ 500 ಬಂದರೆ 2 ಮಿಲಿಸೆಕೆಂಡ್. 900ಕ್ಕೆ 10. 990ಕ್ಕೆ 100! ಲಿಟಲ್ ನಿಯಮದ (ಒಳಗಿರುವ ಸರಾಸರಿ ಮೆಸೇಜ್ = ಬರುವ ವೇಗ × ಒಳಗೆ ಕಳೆಯುವ ಸರಾಸರಿ ಸಮಯ) ಪ್ರಕಾರ ಆಗ ಒಳಗೆ ಸರಾಸರಿ 99 ಮೆಸೇಜ್ ಇರುತ್ತವೆ.

ಕಾಫ್ಕಾದಂಥ ಮೆಸೇಜ್ ವ್ಯವಸ್ಥೆಗಳು ಮೆಸೇಜ್‌ಗಳನ್ನು ಕಂತೆ ಕಟ್ಟಿ ಕಳಿಸುತ್ತವೆ. ಅಲ್ಲಿ ಈ ಲೆಕ್ಕ ಹಾಗೇ ಕೂಡುವುದಿಲ್ಲ, ಲೋಡ್ ಟೆಸ್ಟ್ ಮಾಡಿ ಹೋಲಿಸಿ. ಸರಾಸರಿಗಿಂತ 99ನೇ ಪರ್ಸೆಂಟೈಲ್ (100ರಲ್ಲಿ 99 ಮೆಸೇಜ್ ಇದರೊಳಗೆ ಮುಗಿಯುವ ಸಮಯ) ನೋಡುವುದು ಜಾಸ್ತಿ ಉಪಯೋಗ.