ಇಲ್ಲಿ ಕಪ್ಪು ತಂತಿಯೇ ಫೇಸ್

ಹರಿಹರದ ಕಾರ್ಖಾನೆಯಲ್ಲಿ ಎಂಟು ವರ್ಷ ಮೋಟಾರು, ಪ್ಯಾನೆಲ್ ನೋಡಿಕೊಂಡವರು ಕೆನಡಾದ ಒಂಟಾರಿಯೊದಲ್ಲಿ ಮನೆ ವೈರಿಂಗ್ ಕೆಲಸಕ್ಕೆ ಸೇರಬಹುದೇ ಎಂದು ಕೇಳಿದ್ದೀರಿ. ನಾನೂ ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಯಿಂದ ಬಂದವನು. ಕಬ್ಬು ಅರೆಯುವ ಕಾಲದಲ್ಲಿ ನಡುರಾತ್ರಿ ಮೋಟಾರು ನಿಂತರೆ ನನ್ನನ್ನೇ ಎಬ್ಬಿಸುತ್ತಿದ್ದರು. ಆ ಗತ್ತೂ ನನ್ನ ಜೊತೆಗೇ ವಿಮಾನ ಹತ್ತಿತ್ತು.

ಚಳಿ, ಬಾಡಿಗೆ ಎರಡೂ ವಿಪರೀತ. ಚಳಿ ಅಭ್ಯಾಸವಾಗುತ್ತದೆ.

ಮನೆ, ಕಟ್ಟಡದ ಕೆಲಸಕ್ಕೆ 309ಎಯಂಥ ಎಲೆಕ್ಟ್ರಿಷಿಯನ್ ಪ್ರಮಾಣಪತ್ರ ಬೇಕೇ ಬೇಕು; ಇಲ್ಲವಾದರೆ ಅಪ್ರೆಂಟಿಸ್ ಆಗಿ ನೋಂದಾಯಿಸಿಕೊಳ್ಳಬೇಕು, 309ಎಗೆ ದುಡಿಮೆ, ತರಗತಿ ಎರಡೂ ಸೇರಿ ಸುಮಾರು 9,000 ಗಂಟೆ. ಕಾರ್ಖಾನೆಯೊಳಗಿನ ಎಲೆಕ್ಟ್ರಿಷಿಯನ್ ಕೆಲಸದ 442ಎ ಪ್ರಮಾಣಪತ್ರ ಕಡ್ಡಾಯವಲ್ಲ. ಹಾಗಾಗಿ ಮೊದಲು ಕಾರ್ಖಾನೆಯನ್ನೇ ಹುಡುಕಿ. ವೋಲ್ಟೇಜ್ 600 ಇರಬಹುದು, ನಮ್ಮ 50ರ ಬದಲು ಇಲ್ಲಿ 60 ಹರ್ಟ್ಸ್ ಇರುವುದರಿಂದ ಮೋಟಾರಿನ ನಿಮಿಷಕ್ಕೆ 1,500 ಸುತ್ತಿನ ಲೆಕ್ಕ 1,800 ಆಗುತ್ತದೆ. ಮೋಟಾರು, ಯಂತ್ರಗಳನ್ನು ನಿಯಂತ್ರಿಸುವ ಕಾಂಟ್ಯಾಕ್ಟರ್, ರಿಲೇ, ಪಿಎಲ್‌ಸಿ ನಿಮ್ಮ ಕೈಗೆ ಪರಿಚಿತವೇ.

ಮನೆ ವೈರಿಂಗ್ ಸುಲಭವೆಂದು ನಾನೂ ಅಂದುಕೊಂಡಿದ್ದೆ. ಗೋಡೆ ಕೊರೆದು ಪೈಪ್ ಹೂಳುವ ಗೋಜಿಲ್ಲ, ಮರದ ಚೌಕಟ್ಟಿಗೆ ತೂತು ಹೊಡೆದು ಕೇಬಲ್ ಎಳೆದರಾಯಿತು. ಅಪ್ರೆಂಟಿಸ್ ಆಗಿದ್ದ ನನ್ನ ಮೇಲಿದ್ದ ಪಂಜಾಬಿ ಹಿರಿಯರು ಮೊದಲ ದಿನವೇ, 'ಇಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್' ಎಂದಿದ್ದರು. ಗೊತ್ತು ಎಂದೆ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹದಿನೈದು ವರ್ಷ ಕಪ್ಪನ್ನು ನ್ಯೂಟ್ರಲ್‌ಗೆ ಕೊಟ್ಟ ಕೈ, ಸಂಜೆಯ ಅವಸರದಲ್ಲಿ ಆರು ಸರ್ಕ್ಯೂಟ್‌ಗಳ ಕಪ್ಪು ತಂತಿಯನ್ನು ನ್ಯೂಟ್ರಲ್ ಪಟ್ಟಿಗೂ ಬಿಳಿಯನ್ನು ಬ್ರೇಕರ್‌ಗೂ ಬಿಗಿಯಿತು. ಹಾಗೆ ಬಿಟ್ಟಿದ್ದರೆ ಗೋಡೆಯ ಸ್ವಿಚ್ ಆರಿಸಿದಾಗ ಫೇಸ್ ಬದಲು ನ್ಯೂಟ್ರಲ್ ಕಡಿದುಹೋಗಿ, ದೀಪ ಆರಿದ ಮೇಲೂ ಹೋಲ್ಡರ್‌ನಲ್ಲಿ ಕರೆಂಟ್ ಉಳಿದಿರುತ್ತಿತ್ತು. ಕರೆಂಟ್ ಕೊಡುವ ಮುನ್ನ ಮೇಸ್ತ್ರಿ ಪ್ಯಾನೆಲ್ ತೆರೆದು ನೋಡಿದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಬೈಗುಳ ಬಿದ್ದದ್ದು ಆ ಹಿರಿಯರಿಗೆ. ಅಪ್ರೆಂಟಿಸ್ ಕೆಲಸಕ್ಕೆ ಅವರೇ ಹೊಣೆ. 'ನಾನು ನೋಡಬೇಕಿತ್ತು' ಎಂದಷ್ಟೇ ಅವರು ಅಂದರು. ಹೇಳಿದ್ದರು, ಕೇಳದೆ ಹೋದವನು ನಾನು ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಮರುವರ್ಷ ಅವರು ಆಲ್ಬರ್ಟಾ ಪ್ರಾಂತ್ಯಕ್ಕೆ ಹೋದರು. ಅವರ ಫೋನ್ ನಂಬರು ಈಗಲೂ ನನ್ನ ಬಳಿ ಇದೆ.

ಹೊರಡುವ ಮುನ್ನ ನಿಮ್ಮ ಕಾರ್ಖಾನೆಯಿಂದ ಯಾವ ಕೆಲಸ, ಎಷ್ಟು ಗಂಟೆ ಎಂದು ಬರೆಸಿದ ಪತ್ರ ತನ್ನಿ. 'ತೃಪ್ತಿಕರ ಸೇವೆ' ಎಂಬ ಒಂದು ಸಾಲು ಸಾಲದು. ಸ್ಕ್ರೂಡ್ರೈವರ್ ಹೊತ್ತು ತರಬೇಡಿ, ಇಲ್ಲಿನ ಸ್ಕ್ರೂಗಳಿಗೆ ಚೌಕ ತೂತು. ಆ ತೂಕಕ್ಕೆ ಮನೆಯಲ್ಲಿ ಮಾಡಿದ ಹುಳಿಪುಡಿ ತನ್ನಿ.