ಪಿಕಪ್‌ಗೆ ಎರಡು 100 ವ್ಯಾಟ್ ಲೈಟ್: ಹೆಡ್‌ಲೈಟ್ ವಯರಿನಿಂದಲೇ ಜಾಯಿಂಟ್ ಕೊಡಬಹುದಾ?

ಕೊಡಬೇಡಿ ಮಾರಾಯ್ರೆ.

ನಿಮ್ಮದು ಫೋರ್‌ವೀಲ್ ಪಿಕಪ್, ಚಾರ್ಮಾಡಿ ಘಾಟಿ ಬುಡದ ತೋಟಕ್ಕೆ ರಾತ್ರಿ ಓಡಾಟ, ಮುಂದೆ 100 ವ್ಯಾಟಿನ ಎರಡು ಹ್ಯಾಲೋಜನ್. "ರಿಲೇ ಎಲ್ಲ ಸುಮ್ನೆ ಖರ್ಚು, ಹೆಡ್‌ಲೈಟ್ ವಯರಿನಿಂದ ಎಳೆದರೆ ಸಾಕು" ಎಂದು ಅಂಗಡಿಯವರ ಮಾತು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ನೀವು ಬರೆದದ್ದು ಓದಿ ನನಗೆ ನನ್ನದೇ ಕಥೆ ನೆನಪಾಯಿತು. ನಾನಿರುವುದು ಮಂಗಳೂರಿನಲ್ಲಿ, ಪಣಂಬೂರು ಕಡೆ. ತೋಟ ಬೆಳ್ತಂಗಡಿಯಿಂದ ಆಚೆ.

ಮೊದಲ ಸಲ ನಾನೂ ಹಾಗೇ ಹಾಕಿಸಿದ್ದೆ. ಅರ್ಧ ಗಂಟೆಯ ಕೆಲಸ, ಖುಷಿಯಾಗಿತ್ತು. ವಾರದೊಳಗೆ ಫ್ಯೂಸ್ ಹಾರಿತು. ಅಂಗಡಿಯವ ಅದನ್ನು ತೆಗೆದು ದೊಡ್ಡ ಫ್ಯೂಸ್ ಚುಚ್ಚಿ ಕಳಿಸಿದ. ಅಲ್ಲಿಗೆ ನನಗೆ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಜುಲೈಯ ಒಂದು ರಾತ್ರಿ, ಜೋರು ಮಳೆ, ತೋಟದ ದಾರಿಯಲ್ಲಿ ತೋಡು ದಾಟುತ್ತಿದ್ದೇವೆ, ಸ್ಟೇರಿಂಗ್ ಕೆಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ. ನೋಡುವಷ್ಟರಲ್ಲಿ ಎಲ್ಲ ಲೈಟೂ ಹೋಯಿತು, ಹೆಡ್‌ಲೈಟ್ ಸಮೇತ. ನನ್ನ ತಮ್ಮ ಮೊಬೈಲ್ ಟಾರ್ಚ್ ಹಿಡಿದು ಮುಂದೆ ನಡೆದ, ನಾನು ಅವನ ಹಿಂದೆ ಗಾಡಿ ಬಿಟ್ಟೆ. ಬೆಳಿಗ್ಗೆ ಬಿಚ್ಚಿದರೆ ಡಿಮ್ ಸ್ವಿಚ್ಚಿನ ಹಿಂದಿನ ಸಾಕೆಟ್ ಬೆಲ್ಲದ ಪಾಕದ ಹಾಗೆ ಕರಗಿ ಕೂತಿತ್ತು.

ಯಾಕೆ ಅಂತ ಲೆಕ್ಕ ಹಾಕಿ. ಎಂಜಿನ್ ಓಡುವಾಗ ಸುಮಾರು 13.8 ವೋಲ್ಟ್ ಇರುತ್ತದೆ. 200 ವ್ಯಾಟ್ ಅಂದರೆ ಹದಿನಾಲ್ಕೂವರೆ ಆಂಪ್. ಎಚ್4 (ಹೈ, ಡಿಮ್ ಎರಡೂ ಒಂದರಲ್ಲೇ ಇರುವ) ಬಲ್ಬಿನ ಹೆಡ್‌ಲೈಟ್ ಹೈ ಬೀಮಿನಲ್ಲಿ ತಲಾ 60 ವ್ಯಾಟ್, ಎರಡೂ ಸೇರಿ 9 ಆಂಪ್ ಹತ್ತಿರ. 9ಕ್ಕೆ ಮಾಡಿದ ವಯರು, ಸ್ವಿಚ್ಚಿನ ಮೇಲೆ 23 ಹೇರಿದರೆ ಕರಗದೆ ಏನು ಮಾಡೀತು?

ಸುಡದೆ ಉಳಿದರೂ ಬೆಳಕು ಸಿಗುವುದಿಲ್ಲ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 1 ಎಂಎಂ (ಅಂಗಡಿ ಲೆಕ್ಕ, ಅಂದರೆ 1 ಚದರ ಮಿಲಿಮೀಟರ್) ತಾಮ್ರದ ವಯರು ಹೋಗಿ ಬರುವ 6 ಮೀಟರ್ ಇದ್ದರೆ ದಾರಿಯಲ್ಲೇ ಒಂದೂವರೆ ವೋಲ್ಟ್ ತಿಂದುಹಾಕುತ್ತದೆ. ಹ್ಯಾಲೋಜನ್‌ಗೆ ವೋಲ್ಟ್ ಸ್ವಲ್ಪ ಇಳಿದರೂ ಬೆಳಕು ಜಾಸ್ತಿ ಇಳಿಯುತ್ತದೆ. ಒಂದೂವರೆ ವೋಲ್ಟಿಗೆ ಮೂರನೇ ಒಂದು ಭಾಗ ಬೆಳಕು ಹೋದ ಹಾಗೆ. ಅದೇ 4 ಎಂಎಂ ವಯರಾದರೆ ಹೋಗುವುದು ಅರ್ಧ ವೋಲ್ಟಿಗಿಂತ ಕಡಿಮೆ. ಹಾಗಾಗಿ ಲೈಟಿಗೆ ಇನ್ನೂ ಸಾವಿರ ಸುರಿಯುವ ಬದಲು ದಪ್ಪ ವಯರು ತನ್ನಿ.

ಈಗ ನನ್ನ ಗಾಡಿಯಲ್ಲಿ ಇರುವುದು ಹೀಗೆ. ಬ್ಯಾಟರಿ ಪ್ಲಸ್‌ನಿಂದ 4 ಎಂಎಂ ವಯರು, ಒಂದು ಗೇಣಿನೊಳಗೇ 20 ಆಂಪ್ ಫ್ಯೂಸ್. ಫ್ಯೂಸ್ ಇರುವುದು ವಯರು ಕಾಯಲಿಕ್ಕೆ, ಲೈಟ್ ಹತ್ತಿರ ಹಾಕಿ ಪ್ರಯೋಜನ ಇಲ್ಲ. ಅಲ್ಲಿಂದ 40 ಆಂಪ್ ರಿಲೇಯ 30ನೇ ಕಾಲಿಗೆ (ನಂಬರ್ ರಿಲೇ ಮೇಲೆಯೇ ಇರುತ್ತದೆ). 87ರಿಂದ ಲೈಟಿಗೆ. 85 ಅರ್ತಿಗೆ. 86ಕ್ಕೆ ಹೈ ಬೀಮ್ ವಯರಿನಿಂದ ಒಂದು ಸಣ್ಣ ವಯರು, ನಡುವೆ ಡ್ಯಾಶ್‌ಬೋರ್ಡ್ ಸ್ವಿಚ್. ಹೆಡ್‌ಲೈಟ್ ವಯರಿಗೆ ಜಾಯಿಂಟ್ ಇಲ್ಲೂ ಉಂಟು, ಆದರೆ ರಿಲೇ ಕಾಯಿಲ್ ಎಳೆಯುವುದು ಕಾಲು ಆಂಪ್ ಕೂಡ ಅಲ್ಲ. ಡಿಮ್ ಮಾಡಿದ ಕೂಡಲೇ ಈ ಎರಡೂ ಲೈಟ್ ಆರುತ್ತವೆ, ಎದುರಿನ ಬೈಕಿನವ ಬದುಕಿಕೊಳ್ಳುತ್ತಾನೆ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಅರ್ತ್ ಕಡೆಯಿಂದ ಆನ್ ಆಗುತ್ತದೆ, ಅದಕ್ಕೆ ಮೊದಲು ಮೀಟರ್ ಇಟ್ಟು ನೋಡಿ.

ನಮ್ಮೂರಿನ ಮಳೆ, ಉಪ್ಪುಗಾಳಿಗೆ ಅರ್ತ್ ಪಾಯಿಂಟೇ ಮೊದಲು ಸಾಯುವುದು. ಪೈಂಟ್ ಕೆರೆದು ಬರೀ ಲೋಹಕ್ಕೆ ಲಗ್ (ವಯರಿನ ತುದಿಯ ಲೋಹದ ಬಳೆ) ಬೋಲ್ಟ್ ಮಾಡಿ, ಮೇಲಿಂದ ವ್ಯಾಸಲಿನ್ ಮೆತ್ತಿ. ನಾನು ಅರ್ತನ್ನೂ ವಯರಿನಲ್ಲೇ ಬ್ಯಾಟರಿ ತನಕ ತಂದಿದ್ದೇನೆ. ವಯರು ತಿರುಚಿ ಟೇಪ್ ಸುತ್ತಲಿಕ್ಕೆ ಬಿಡಬೇಡಿ, ಲಗ್ ಪಂಚ್ ಮಾಡಿಸಿ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಹಾಕಿಸಿ. ರಿಲೇ ಕಾಲುಗಳು ಕೆಳಮುಖ ಇರಲಿ, ಇಲ್ಲದಿದ್ದರೆ ಸಾಕೆಟ್ ನೀರಿನ ಬಟ್ಟಲಾಗುತ್ತದೆ.

ಕ್ಯಾಬಿನ್ ಮೇಲೆ ಎಲ್‌ಇಡಿ ಬಾರ್ ಹಾಕುವ ಆಸೆಯೂ ಉಂಟು ಎಂದಿದ್ದೀರಿ. ಫೋಟೋಕ್ಕೆ ಚಂದ. ಮಳೆಯಲ್ಲಿ ಕಣ್ಣೆದುರಿನ ಹನಿಯೂ ಬಾನೆಟ್ಟೂ ಬೆಳಗುತ್ತದೆ, ರಸ್ತೆ ಮಾತ್ರ ಕಾಣುವುದಿಲ್ಲ. ಚಾರ್ಮಾಡಿ ಮಂಜಿನಲ್ಲಂತೂ ಸುಣ್ಣ ಹೊಡೆದ ಗೋಡೆಗೆ ಮುಖ ಇಟ್ಟ ಹಾಗೆ. ಮಂಜಿಗೆ ಬೇಕಾದ್ದು ಬಂಪರ್ ಕೆಳಗೆ, ಅಗಲಕ್ಕೆ ಹರಡುವ 55 ವ್ಯಾಟಿನ ಫಾಗ್ ಲ್ಯಾಂಪ್. ಮತ್ತೆ ಎಲ್‌ಇಡಿ ಡಬ್ಬದ ಮೇಲಿನ ವ್ಯಾಟ್ ನಂಬಬೇಡಿ. ನನ್ನದರಲ್ಲಿ 180 ಎಂದು ಬರೆದಿತ್ತು. ಮೀಟರ್ ಹಿಡಿದರೆ ನಾಲ್ಕೂವರೆ ಆಂಪ್, ಅಂದರೆ 60 ವ್ಯಾಟ್ ಚಿಲ್ಲರೆ.

ಬುಲ್ ಬಾರಿಗೆ (ಬಂಪರ್ ಮುಂದಿನ ಕಬ್ಬಿಣದ ಗಾರ್ಡ್) ಲೈಟ್ ಕಟ್ಟುವ ಯೋಚನೆ ಇದ್ದರೆ ಬಿಡಿ, 2017ರ ಡಿಸೆಂಬರಿನಲ್ಲೇ ಕೇಂದ್ರದವರು ಅದು ಬೇಡ ಎಂದು ರಾಜ್ಯಗಳಿಗೆ ಬರೆದಾಗಿದೆ. ಬಂಪರಿನಲ್ಲಿ ಬ್ರಾಕೆಟ್ ಮಾಡಿಸಿ. ರಸ್ತೆಯಲ್ಲಿ ಈ ಲೈಟ್ ಹಚ್ಚುವ ಹಾಗಿಲ್ಲ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟಿಗೆ ಕೇಸು ಹಾಕಲು ಶುರು ಮಾಡಿದ್ದಾರೆ. ನಾನು ಎರಡಕ್ಕೂ ಮುಚ್ಚಳ ಹಾಕಿಯೇ ಹೈವೇಗೆ ಇಳಿಯುವುದು, ತೋಟದ ಗೇಟಿನಲ್ಲಿ ತೆಗೆಯುವುದು. ಒಮ್ಮೆ ತೆಗೆಯಲು ಮರೆತು ಸ್ವಿಚ್ ಹಾಕಿದೆ, ಒಂದು ಮುಚ್ಚಳದ ನಡುವೆ ಈಗಲೂ ರೂಪಾಯಿ ಅಗಲದ ತೂತು ಉಂಟು.

ಇನ್ನೊಂದು. ನಿಮ್ಮ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಮೇಲೆ ಎಷ್ಟು ಆಂಪ್ ಬರೆದಿದೆ? ಹಳೇ ಗಾಡಿಯಾದರೆ ವೈಪರ್, ಹೆಡ್‌ಲೈಟ್, ಈ ಎರಡು ಹೊಸ ಲೈಟ್ ಎಲ್ಲ ಒಟ್ಟಿಗೆ ಓಡುವಾಗ ಐಡಲಿನಲ್ಲಿ ಬ್ಯಾಟರಿ ಇಳಿಯಬಹುದು. ನೋಡಿ ಇಲ್ಲೇ ಕೆಳಗೆ ಬರೆಯಿರಿ, ಲೆಕ್ಕ ಹಾಕುವ.