ಸಿಪ್ಯಾಪ್ ಮಷೀನ್ ಸೂಟ್‌ಕೇಸಿನ್ಯಾಗೋ, ಕೈಯಾಗೋ?

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರು, ಅಲ್ಲಿಂದ ಅಮೆರಿಕಕ್ಕ ಹೊಂಟ ನಿಮ್ಮ ತಂದಿಯವರ ಸಿಪ್ಯಾಪ್ ಮಷೀನ್ (ನಿದ್ದಿಯಾಗ ಉಸಿರು ಕಟ್ಟದಂಗ ಮಾಸ್ಕಿನಿಂದ ಗಾಳಿ ಒತ್ತಿ ಕೊಡೂ ಯಂತ್ರ) ಸೂಟ್‌ಕೇಸಿನ್ಯಾಗ ಇಟ್ರ ನಡೀತೈತೇನು ಅಂತ ಕೇಳೀರಿ. ಇಡಬ್ಯಾಡ್ರಿ. ಸೂಟ್‌ಕೇಸ್ ತಪ್ಪಿದ್ರ ಅರಿವಿ ಅಲ್ಲೇ ಕೊಳ್ಳಬಹುದು; ಮಷೀನಿಗೆ ಅಮೆರಿಕದಾಗ ಡಾಕ್ಟರ್ ಚೀಟಿ ಬೇಕ ಬೇಕು.

ಮಷೀನ್, ಮಾಸ್ಕ್, ಟ್ಯೂಬ್, ಅಡಾಪ್ಟರ್ ಎಲ್ಲಾ ಒಂದ ಚೀಲದಾಗ ಇರಲಿ. ಒತ್ತಡದ ಸೆಟ್ಟಿಂಗ್ ಬರೆದ ಇಂಗ್ಲಿಷ್ ಚೀಟಿನೂ ಅದರಾಗ ಹಾಕ್ರಿ. ಅಮೆರಿಕಕ್ಕ ಹೋಗೂ ವಿಮಾನದಾಗ ಈ ಚೀಲ ಕೈಸಾಮಾನಿನ ಲೆಕ್ಕಕ್ಕ ಬರೂದಿಲ್ಲ, ಅಲ್ಲಿಯ ಕಾನೂನ ಹಂಗೈತಿ. ಸಾಂಬ್ರಾ–ಬೆಂಗಳೂರು ವಿಮಾನಕ್ಕ ಮಾತ್ರ ಏರ್‌ಲೈನಿಗೆ ಮೊದಲ ಮೇಲ್ ಹಾಕಿ ಒಪ್ಪಿಗಿ ತಗೊಂಡು, ಅದರ ಪ್ರಿಂಟ್ ಕೈಯಾಗ ಇಟ್ಕೋರಿ. ಕೌಂಟರಿನ್ಯಾಗ ಬಾಯಿಮಾತು ನಡಿಯೂದಿಲ್ಲ.

ಬಾಳ ಮಂದಿ ಮಷೀನ್ ಕೆಡಿಸ್ಕೊಳ್ಳೂದು ನೀರಿನಿಂದ. ಗಾಳಿಗೆ ತೇವ ಕೊಡೂ ಹ್ಯುಮಿಡಿಫೈಯರ್ ಡಬ್ಬಿಯಾಗ ನಾಕು ಚಮಚ ನೀರು ಉಳಿದ್ರೂ ಚೀಲ ಅಡ್ಡಾದಾಗ ಅದು ಮೋಟರಿನ ಕಡೆ ಹರೀತೈತಿ. ಹಿಂದಿನ ದಿನ ಮುಂಜಾನೆನ ಡಬ್ಬಿ ಬಿಚ್ಚಿ, ನೀರು ಚೆಲ್ಲಿ, ಒಣಗಸ್ರಿ. ಅದಕ್ಕ ಹಾಕೂ ಡಿಸ್ಟಿಲ್ಡ್ ವಾಟರ್ ಅಮೆರಿಕದಾಗ ಕಿರಾಣಿ ಅಂಗಡಿಯಾಗ ಗ್ಯಾಲನ್ ಕ್ಯಾನಿನ್ಯಾಗ ಸಿಗ್ತೈತಿ.

ಸೆಕ್ಯುರಿಟಿಯಾಗ ಮಷೀನನ್ನ ಲ್ಯಾಪ್‌ಟಾಪಿನಂಗ ಹೊರಗ ತಗೀಲಿಕ್ಕೆ ಹೇಳಬಹುದು. ಟ್ರೇ ಹೊಲಸಿರ್ತೈತಿ, ಸ್ವಚ್ಛ ಪ್ಲಾಸ್ಟಿಕ್ ಚೀಲದಾಗ ಹಾಕೇ ಇಡ್ರಿ.

ರಾತ್ರಿ ವಿಮಾನದಾಗ ಹಚ್ಚೂದಿದ್ರ ಬ್ಯಾಟರಿ ಲೆಕ್ಕ ನೋಡ್ರಿ. ವೋಲ್ಟ್ ಗುಣಿಸು ಆಂಪಿಯರ್-ಅವರ್ ಅಂದ್ರ ವ್ಯಾಟ್-ಅವರ್: 24 ವೋಲ್ಟ್, 4 ಆಂಪಿಯರ್-ಅವರ್ ಇದ್ರ 96. 100ರ ತನಕ ತಕರಾರಿಲ್ಲ. 100ರಿಂದ 160ಕ್ಕ ಏರ್‌ಲೈನ್ ಒಪ್ಪಿಗಿ ಬೇಕು, ಅಂಥವು ಹೆಚ್ಚಂದ್ರ ಎರಡು. 160 ದಾಟಿದ್ರ ಒಯ್ಯಾಕ ಬರೂದಿಲ್ಲ. ಬಿಡಿ ಬ್ಯಾಟರಿ ಚೆಕ್-ಇನ್ ಬ್ಯಾಗಿನ್ಯಾಗ ಹಾಕೂದಂತೂ ನಿಷೇಧ. ಲೇಬಲ್ ಅಳಿಸಿದ ಬ್ಯಾಟರಿ ಒಯ್ಯಬ್ಯಾಡ್ರಿ, ಅಂಕಿ ಕಾಣದಿದ್ರ ಕಸಗೊಳ್ತಾರ. ಮೊಬೈಲಿನ 5 ವೋಲ್ಟ್ ಪವರ್ ಬ್ಯಾಂಕ್ 24 ವೋಲ್ಟ್ ಮಷೀನಿಗೆ ಉಪಯೋಗಿಲ್ಲ. ಹ್ಯುಮಿಡಿಫೈಯರ್, ಬಿಸಿ ಟ್ಯೂಬ್ ಎರಡೂ ಬಂದ್ ಮಾಡ್ರಿ. ಕರೆಂಟ್ ಹೆಚ್ಚು ಎಳೆಯೂದು ಅವ. ಸೀಟಿನ ಸಾಕೆಟ್ ಟ್ರಿಪ್ ಆಗೂದೂ ಇದರಿಂದನ. ಸಾಕೆಟ್ಟೊಂದನ್ನ ನಂಬ್ಕೊಂಡು ಹೋಗಬ್ಯಾಡ್ರಿ, ವಿಮಾನ ಏರೂವಾಗ ಇಳಿಯೂವಾಗ ಅದು ಬಂದ್ ಇರಬಹುದು.

ಅಡಾಪ್ಟರ್ ಮ್ಯಾಲ 100–240 ವೋಲ್ಟ್ ಅಂತಿದ್ರ ಅಮೆರಿಕದ 120ಕ್ಕ ಟ್ರಾನ್ಸ್‌ಫಾರ್ಮರ್ ಬ್ಯಾಡ. ಅಲ್ಲಿಯ ಚಪ್ಪಟಿ ಪಿನ್ ಒಂದು, ಎಕ್ಸ್‌ಟೆನ್ಶನ್ ಕಾರ್ಡ್ ಒಂದು ಸಾಕು. ಹೋಟೆಲಿನ್ಯಾಗ ಮಂಚದ ಹತ್ರ ಪ್ಲಗ್ ಇರೂದು ಕಡಿಮಿ.